ಕಾವಲುಗಾರನಿಗೆ ಅಂಕ ಕೊಟ್ಟವರು

68 ಅಕ್ಷರಗಳ ಒಂದು ಸಾಲು ಇದೆ. ನೋಟ್‌ಪ್ಯಾಡ್ ತೆರೆದು ಅದನ್ನು ಇದ್ದದ್ದು ಇದ್ದಂತೆ ಟೈಪು ಮಾಡಿ ಉಳಿಸಿದರೆ ಸಾಕು, ಕಂಪ್ಯೂಟರಿನಲ್ಲಿರುವ ಆಂಟಿವೈರಸ್ ಬೊಬ್ಬೆ ಹೊಡೆಯುತ್ತದೆ. ಕೆಂಪು ಕಿಟಕಿ ಏಳುತ್ತದೆ, ಫೈಲು ಮಾಯವಾಗುತ್ತದೆ. ವಿಚಿತ್ರವೆಂದರೆ ಆ ಸಾಲಿನಲ್ಲಿ ವೈರಸ್ಸೇ ಇಲ್ಲ. ಹಳೆಯ ಡಾಸ್ ಯಂತ್ರದಲ್ಲಿ ಅದನ್ನು ಓಡಿಸಿದರೆ, ತಾನೊಂದು ಪರೀಕ್ಷಾ ಫೈಲು ಎಂದು ಪರದೆಯ ಮೇಲೆ ಒಂದು ಸಾಲು ಬರೆದು ಸುಮ್ಮನಾಗುತ್ತದೆ. 1990ರ ದಶಕದಲ್ಲಿ ಐಕಾರ್ ಎಂಬ ಯುರೋಪಿನ ಸಂಸ್ಥೆಯೂ ಕಾರೋ ಎಂಬ ಸಂಶೋಧಕರ ಬಳಗವೂ ಸೇರಿ ಇದನ್ನು ರೂಪಿಸಿದವು. ಈ ಸಾಲು ಕಂಡರೆ ಕೂಗಬೇಕು ಎಂದು ಜಗತ್ತಿನ ಆಂಟಿವೈರಸ್ ಕಂಪನಿಗಳೆಲ್ಲ ತಮ್ಮೊಳಗೆ ಒಪ್ಪಿಕೊಂಡಿವೆ.

ಹಾಗಾಗಿ ಎಲ್ಲರೂ ನೂರಕ್ಕೆ ನೂರು ತೆಗೆಯುವ ಪರೀಕ್ಷೆ ಇದೊಂದೇ. ಅದು ಹೇಳುವುದಾದರೂ ಏನು? ಮನೆಯ ಕರೆಗಂಟೆಯ ಗುಂಡಿ ಒತ್ತಿ, ಕರೆಂಟು ಇದೆ, ಗಂಟೆ ಹೊಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡಷ್ಟೇ. ಹಿತ್ತಲಿನ ಗೋಡೆ ಹಾರಿ ಬರುವ ಕಳ್ಳನಿಗೆ ಆ ಗಂಟೆ ಹೊಡೆಯುತ್ತದೆಯೇ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದವರ ಕಥೆಗೆ ಈಗ ಸುಮಾರು ನಾಲ್ಕು ದಶಕ. ಅದರಲ್ಲಿ ಜಾಣತನ, ಹಟ, ಕೋರ್ಟು ಕಚೇರಿ, ಸಣ್ಣಪುಟ್ಟ ಮೋಸ, ಒಂದೆರಡು ದೊಡ್ಡ ಮೋಸ ಎಲ್ಲವೂ ಇವೆ.

ಮೊದಲ ತೊಡಕು ಗಣಿತದ್ದು. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್, ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುವ ಪ್ರೋಗ್ರಾಮನ್ನು ಬರೆದು ತೋರಿಸಿದ. ಮರುವರ್ಷದ ಪ್ರಬಂಧದಲ್ಲಿ ಅದಕ್ಕೆ ವೈರಸ್ ಎಂಬ ಹೆಸರಿತ್ತು. ಅದರ ಜೊತೆಗೆ ಅವನು ಇನ್ನೊಂದು ಮಾತನ್ನೂ ಸಾಧಿಸಿ ತೋರಿಸಿದ: ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮನ್ನು ಯಾರೂ ಬರೆಯಲಾರರು. ವಾದ ಸರಳ. ಅಂಥ ಸರ್ವಜ್ಞ ಪ್ರೋಗ್ರಾಮೊಂದು ಇದೆ ಎಂದು ಒಪ್ಪಿಕೊಳ್ಳಿ. ನಾನೊಂದು ತರಲೆ ಪ್ರೋಗ್ರಾಮು ಬರೆಯುತ್ತೇನೆ. ಅದು ಮೊದಲು ಆ ಸರ್ವಜ್ಞನನ್ನೇ ಕೇಳುತ್ತದೆ, ‘ನಾನು ವೈರಸ್ಸೋ ಅಲ್ಲವೋ?’ ಹೌದು ಎಂದರೆ ತೆಪ್ಪಗಿರುತ್ತದೆ, ಅಲ್ಲ ಎಂದರೆ ಹರಡಲು ಶುರುಮಾಡುತ್ತದೆ. ಸರ್ವಜ್ಞ ಏನು ಹೇಳಿದರೂ ತಪ್ಪು. ‘ನಾನು ಈಗ ಹೇಳುತ್ತಿರುವುದು ಸುಳ್ಳು’ ಎಂದವನ ಮಾತಿನ ಹಾಗೆ.

ಇದರಿಂದ ಹುಟ್ಟುವ ಸಮಸ್ಯೆಯನ್ನು ಅಂದು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಪೂರ್ಣ ರಕ್ಷಣೆ ಅಸಾಧ್ಯ ಎಂದಮೇಲೆ, ಒಂದು ಆಂಟಿವೈರಸ್ ಎಷ್ಟು ಒಳ್ಳೆಯದು ಎಂಬ ಪ್ರಶ್ನೆಗೆ ಯಾವುದೋ ಒಂದು ಮಾದರಿ ರಾಶಿಯನ್ನು ಮುಂದಿಟ್ಟುಕೊಂಡೇ ಉತ್ತರ ಹೇಳಬೇಕು. ಆ ರಾಶಿಯನ್ನು ಯಾರು ಆರಿಸಿದರು? ಮುಂದಿನ ಜಗಳಗಳಲ್ಲಿ ಬಹುಪಾಲು ಇದೊಂದರ ಸುತ್ತಲೇ ನಡೆದವು.

1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ಬ್ರೈನ್ ವೈರಸ್ ಫ್ಲಾಪಿಗಳಲ್ಲಿ ಕೂತು ಲೋಕ ಸುತ್ತಿತು. ಕೆಲವೇ ವರ್ಷಗಳಲ್ಲಿ ಆಂಟಿವೈರಸ್ ಎಂಬುದು ಒಂದು ವ್ಯಾಪಾರವಾಯಿತು. 1992ರ ಮಾರ್ಚ್ 6ರಂದು ಮೈಕೆಲೇಂಜೆಲೊ ಎಂಬ ವೈರಸ್ ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಅಳಿಸಿಹಾಕುತ್ತದೆ ಎಂದು ಅಮೆರಿಕದ ಪತ್ರಿಕೆಗಳು ಬರೆದವು, ಜನ ಅಂಗಡಿಗಳಿಗೆ ಮುಗಿಬಿದ್ದು ಆಂಟಿವೈರಸ್ ಕೊಂಡರು. ಆ ದಿನ ಬಂದು ಹೋಯಿತು, ಹಾಳಾದ ಯಂತ್ರಗಳು ಹೇಳಿದ್ದಕ್ಕಿಂತ ತೀರಾ ಕಡಿಮೆ. ಆದರೆ ಕೊಳ್ಳುವವರ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು: ಇಷ್ಟೊಂದು ಡಬ್ಬಿಗಳಲ್ಲಿ ಯಾವುದು ಒಳ್ಳೆಯದು? ಉತ್ತರ ಕೊಡಲು ಕಂಪ್ಯೂಟರ್ ಪತ್ರಿಕೆಗಳು ಮುಂದಾದವು.

ಪತ್ರಿಕೆಗಳ ಕೈಗೆ ಸಿಕ್ಕಿದ್ದು ಎಲ್ಲಿಂದಲೋ ಕೂಡಿಸಿದ ಒಂದಷ್ಟು ಫೈಲುಗಳು. ಅದರ ಮೇಲೆ ಹತ್ತು ಆಂಟಿವೈರಸ್ ಓಡಿಸು, ಯಾರು ಎಷ್ಟು ಹಿಡಿದರು ಎಣಿಸು, ಪಟ್ಟಿ ಮಾಡು. ಈ ಪದ್ಧತಿಯನ್ನು ಬ್ರಿಟನ್ನಿನ ಅಲನ್ ಸಾಲೊಮನ್ 1993ರಲ್ಲಿ ಚೆನ್ನಾಗಿ ಲೇವಡಿ ಮಾಡಿದ. ಅವನೂ ಆಂಟಿವೈರಸ್ ಮಾರುವವನೇ. ಸಾರಾ ಟ್ಯಾನರ್ ಎಂಬ ಹೆಂಗಸಿನ ಹೆಸರಿಟ್ಟುಕೊಂಡು ‘ವೈರಸ್ ನ್ಯೂಸ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಅವನು ಬರೆದ ಲೇಖನ, ಗೆಲ್ಲಬೇಕಾದವನನ್ನು ಮೊದಲೇ ತೀರ್ಮಾನಿಸಿಕೊಂಡ ವಿಮರ್ಶಕ ಪರೀಕ್ಷೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂದು ಗಂಭೀರ ಮುಖಭಾವದಲ್ಲಿ ಉಪದೇಶಿಸುತ್ತದೆ. ಮೂವತ್ತು ವರ್ಷ ಕಳೆದರೂ ಆ ಹಾಸ್ಯದ ಮೊನೆ ಮೊಂಡಾಗಿಲ್ಲ ಎಂಬುದೇ ಬೇಸರದ ಸಂಗತಿ.

ಅದೇ ಹೊತ್ತಿಗೆ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಕ್ಲಾಸ್ ಬ್ರುನ್‌ಸ್ಟೈನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಒಂದು ವೈರಸ್ ಪರೀಕ್ಷಾ ಕೇಂದ್ರವಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಬಲ್ಗೇರಿಯಾದ ವೆಸೆಲಿನ್ ಬೊಂಚೆವ್ ಇನ್ನೊಂದು ಮುಜುಗರದ ವಿಷಯ ಎತ್ತಿದ. ಪರೀಕ್ಷಕರು ಜತನದಿಂದ ಕಾಪಾಡಿಕೊಂಡ ವೈರಸ್ ಸಂಗ್ರಹಗಳಲ್ಲಿ ಕಸವೇ ಬಹಳ. ಅರ್ಧ ಮುರಿದ ಫೈಲುಗಳು, ಓಡಿಸಿದರೆ ಏನೂ ಮಾಡದ ಫೈಲುಗಳು, ಒಂದು ಕಾಲದಲ್ಲಿ ಯಾವುದೋ ಆಂಟಿವೈರಸ್ ತಪ್ಪಾಗಿ ವೈರಸ್ ಎಂದದ್ದಕ್ಕೆ ಸಂಗ್ರಹ ಸೇರಿದ ನಿರಪರಾಧಿಗಳು. ಒಂದು ಫೈಲು ವೈರಸ್ಸೇ ಎಂದು ಖಚಿತಪಡಿಸಬೇಕಾದರೆ ಅದನ್ನು ಓಡಿಸಿ, ಅದು ಇನ್ನೊಂದು ಫೈಲಿಗೆ ಹತ್ತುವುದನ್ನು ನೋಡಿ, ಹತ್ತಿಸಿಕೊಂಡ ಫೈಲು ಮತ್ತೊಂದಕ್ಕೆ ಹತ್ತಿಸುತ್ತದೆಯೇ ಎಂದೂ ನೋಡಬೇಕು. ತಿಂಗಳುಗಟ್ಟಲೆ ಬೇಡುವ ಈ ದುಡಿಮೆಗೆ ಪತ್ರಿಕೆಗಳಲ್ಲಿ ಪುರುಸೊತ್ತೆಲ್ಲಿ? ಪರಿಣಾಮ ತಲೆಕೆಳಗಾಯಿತು. ಕಸವನ್ನು ಕಸವೆಂದು ಬಿಟ್ಟ ಪ್ರಾಮಾಣಿಕ ಆಂಟಿವೈರಸ್ಸಿಗೆ ಅಂಕ ಹೋಯಿತು, ಕಂಡದ್ದಕ್ಕೆಲ್ಲ ಕೂಗಿದ್ದು ಮೊದಲ ಸ್ಥಾನಕ್ಕೆ ಬಂತು. ಬೇರೆ ದಾರಿ ಕಾಣದೆ ಕಂಪನಿಗಳು ಪರೀಕ್ಷಕರ ಬಳಿ ಇರುವ ಕಸವನ್ನೂ ಗುರುತಿಸುವಂತೆ ತಮ್ಮ ಸರಕನ್ನು ತಿದ್ದಿಕೊಂಡವು.

ಡೋರೆನ್ ರೋಸೆಂಥಾಲ್ ಎಂಬ ಅಮೆರಿಕನ್ ಮಾರುತ್ತಿದ್ದ ‘ವೈರಸ್ ಸಿಮ್ಯುಲೇಟರ್’ ಕೂಡ ಇದೇ ಬಗೆಯದು. ಅಸಲಿ ವೈರಸ್ ಮುಟ್ಟದೆ ನಿಮ್ಮ ಆಂಟಿವೈರಸ್ ಪರೀಕ್ಷಿಸಿಕೊಳ್ಳಿ ಎಂದು ಅದು ವೈರಸ್ಸಿನ ಚೂರುಪಾರು ಗುರುತುಗಳಿರುವ ಹುಸಿ ಫೈಲುಗಳನ್ನು ತಯಾರಿಸಿಕೊಡುತ್ತಿತ್ತು. ಪೊಲೀಸ್ ನಾಯಿಯ ಮುಂದೆ ಕಳ್ಳನ ಅಂಗಿಯ ಗುಂಡಿ ಹಿಡಿದು, ಬೊಗಳಲಿಲ್ಲವಲ್ಲ ಎಂದು ನಾಯಿಯನ್ನು ಬೈದಂತೆ. ಸಂಶೋಧಕಿ ಸಾರಾ ಗಾರ್ಡನ್ ಇದರ ವಿರುದ್ಧ ಲೇಖನ ಬರೆದಳು. ರಿಚರ್ಡ್ ಫೋರ್ಡ್ ಜೊತೆ ಸೇರಿ, ನಿಜಲೋಕದಲ್ಲಿ ಆಂಟಿವೈರಸ್ ವಿಮರ್ಶೆ ಹೇಗೆ ನಡೆಯಬೇಕು ಎಂಬುದರ ಬಗ್ಗೆಯೂ ಬರೆದಳು. ಪರೀಕ್ಷೆಗಳನ್ನೇ ಪರೀಕ್ಷೆಗೊಡ್ಡುವ ಬರವಣಿಗೆ ಶುರುವಾದದ್ದು ಆ ವರ್ಷಗಳಲ್ಲಿ.

ಕಸದ ರೋಗಕ್ಕೆ ಔಷಧಿಯಾಗಿ ಬಂದದ್ದು ವೈಲ್ಡ್‌ಲಿಸ್ಟ್. 1993ರಲ್ಲಿ ಜೋ ವೆಲ್ಸ್ ಎಂಬ ಸಂಶೋಧಕ ಶುರುಮಾಡಿದ ಪಟ್ಟಿ ಇದು. ಸಂಗ್ರಹಗಳಲ್ಲಿ ಸಾವಿರಾರು ವೈರಸ್ ಇದ್ದರೇನು, ಜನರ ಯಂತ್ರಗಳಿಗೆ ನಿಜವಾಗಿ ಹತ್ತುತ್ತಿರುವುದು ಕೆಲವು ಮಾತ್ರ ಎಂಬುದು ಅವನ ತಿಳಿವಳಿಕೆ. ಬೇರೆ ಬೇರೆ ಕಡೆಯ ವರದಿಗಾರರಲ್ಲಿ ಕನಿಷ್ಠ ಇಬ್ಬರಾದರೂ ತಮ್ಮಲ್ಲಿ ಕಂಡೆವೆಂದು ಹೇಳಿದ ವೈರಸ್ಸಿಗೆ ಮಾತ್ರ ಮುಖ್ಯ ಪಟ್ಟಿಯಲ್ಲಿ ಜಾಗ. ಮೃಗಾಲಯದ ಹುಲಿ ಬೇರೆ, ಊರ ಅಂಚಿನಲ್ಲಿ ದನ ಹಿಡಿಯುವ ಹುಲಿ ಬೇರೆ ಎಂಬ ಈ ವಿವೇಕ ಅಂದಿಗೆ ದೊಡ್ಡದು. ಇಂಗ್ಲೆಂಡಿನಲ್ಲಿ 1989ರಿಂದ ಬರುತ್ತಿದ್ದ ‘ವೈರಸ್ ಬುಲೆಟಿನ್’ ಪತ್ರಿಕೆ 1998ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ‘ವಿಬಿ 100’ ಎಂಬ ಪ್ರಶಸ್ತಿ ಆರಂಭಿಸಿತು. ವೈಲ್ಡ್‌ಲಿಸ್ಟಿನಲ್ಲಿರುವುದನ್ನೆಲ್ಲ ಹಿಡಿಯಬೇಕು, ಶುದ್ಧ ಫೈಲುಗಳ ರಾಶಿಯಲ್ಲಿ ಒಂದನ್ನೂ ತಪ್ಪಾಗಿ ಹಿಡಿಯಬಾರದು. ಎರಡೂ ಆದರೆ ಪಾಸು, ಒಂದು ತಪ್ಪಿದರೂ ಫೇಲು.

ಡಬ್ಬಿಗಳ ಮೇಲೆ ಆ ಮುದ್ರೆ ನೋಡಿದ ಗ್ರಾಹಕ 100 ಎಂಬುದನ್ನು ‘ಶೇಕಡಾ ನೂರು ರಕ್ಷಣೆ’ ಎಂದು ಓದಿಕೊಂಡ. ವೈಲ್ಡ್‌ಲಿಸ್ಟಿನ ಸದಸ್ಯರಲ್ಲಿ ಹೆಚ್ಚಿನವರು ಆಂಟಿವೈರಸ್ ಉದ್ಯಮದವರೇ, ಮಾದರಿಗಳು ಎಲ್ಲರ ಕೈಗೂ ಸಿಗುತ್ತಿದ್ದವು. ಅಂದರೆ ಪ್ರಶ್ನೆಪತ್ರಿಕೆ ಮೊದಲೇ ಗೊತ್ತು, ಉತ್ತರ ಬರೆಯುವುದಷ್ಟೇ ಬಾಕಿ. ಅದರಲ್ಲೂ ಫೇಲಾದವರು ಇದ್ದರು ಎಂಬುದು ಬೇರೆ ಮಾತು! ಕನಿಷ್ಠ ಯೋಗ್ಯತೆಯ ಪರೀಕ್ಷೆಯಾಗಿ ಅದು ತಪ್ಪೇನಲ್ಲ, ಓದು ಬರಹ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯ ಹಾಗೆ. ಅದನ್ನು ರ‍್ಯಾಂಕಿನ ಪಟ್ಟಿಯಂತೆ ಜಾಹೀರಾತು ಮಾಡಿದ್ದು ಮಾರುಕಟ್ಟೆ.

ಹಾಗಾದರೆ ಯಾರೂ ಓದಿರದ ಪ್ರಶ್ನೆ ಕೇಳಿದರೆ? 2006ರಲ್ಲಿ ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಅದನ್ನೇ ಮಾಡಿತು. ಜಾಹೀರಾತು ತೆಗೆದುಕೊಳ್ಳದೆ, ಅಂಗಡಿಯಿಂದ ಸರಕನ್ನು ತಾನೇ ಕೊಂಡು ಪರೀಕ್ಷಿಸುವ ಹಳೆಯ ಗ್ರಾಹಕ ಪತ್ರಿಕೆ ಅದು. ಫ್ರಿಜ್ಜು, ಕಾರು, ಮಿಕ್ಸರುಗಳಿಗೆ ಒಗ್ಗಿದ ಆ ಪದ್ಧತಿಯನ್ನು ಆಂಟಿವೈರಸ್ಸಿಗೂ ಅನ್ವಯಿಸಲು ಹೊರಟಿತು. ಪರಿಚಿತ ವೈರಸ್ಸುಗಳನ್ನು ತಿದ್ದಿ ಸುಮಾರು 5,500 ಹೊಸ ರೂಪಾಂತರಗಳನ್ನು ಒಂದು ಭದ್ರತಾ ಸಂಸ್ಥೆಯಿಂದ ಮಾಡಿಸಿ, ಅವನ್ನು ಯಾವ ಸರಕು ಹಿಡಿಯುತ್ತದೆ ಎಂದು ನೋಡಿತು. ಉದ್ಯಮ ಕೆಂಡಕಾರಿತು. ಲೋಕದಲ್ಲಿ ಇರುವ ವೈರಸ್ಸು ಸಾಲದೆಂದು ಇವರು ಹೊಸದಾಗಿ ಐದು ಸಾವಿರ ಹುಟ್ಟಿಸಬೇಕಿತ್ತೇ? ಹೊರಬಿದ್ದರೆ ಹೊಣೆ ಯಾರದು? ಮತ್ತೆ, ಹೀಗೆ ಯಂತ್ರದಂತೆ ತಿದ್ದಿದ ವೈರಸ್ಸುಗಳು ನಾಳೆ ಅಪರಾಧಿಗಳು ಬರೆಯುವ ವೈರಸ್ಸುಗಳನ್ನು ಹೋಲುತ್ತವೆ ಎಂಬುದಕ್ಕೆ ಆಧಾರವೇನು?

ನನಗೆ ಎರಡೂ ಕಡೆಯವರ ಮಾತು ಅರ್ಧರ್ಧ ಸರಿಯೆನಿಸುತ್ತದೆ. ಪ್ರಯೋಗಾಲಯದಲ್ಲಿ ಹೊಸ ವೈರಸ್ ಹುಟ್ಟಿಸಬಾರದು ಎಂಬುದು ಆ ವೃತ್ತಿಯ ಹಳೆಯ ನೇಮ, ಅದಕ್ಕೊಂದು ಗೌರವವಿದೆ. ಆದರೆ ನಿನ್ನೆಯ ಕಳ್ಳರ ಫೋಟೊ ಗುರುತಿಸುವುದನ್ನಷ್ಟೇ ಪರೀಕ್ಷಿಸಿ ನಾಳೆಯ ಕಾವಲಿಗೆ ಪ್ರಮಾಣಪತ್ರ ಕೊಡುವುದೂ ವಂಚನೆಯ ಒಂದು ಬಗೆಯೇ. ವೈರಸ್ ಹುಟ್ಟಿಸದೆಯೂ ಇದಕ್ಕೆ ಒಂದು ದಾರಿ ಇತ್ತು. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ವಿದ್ಯಾರ್ಥಿಗಳ ಕೆಲಸವಾಗಿ ಆರಂಭವಾದ ಎವಿ-ಕಂಪ್ಯಾರಟಿವ್ಸ್ ಅದನ್ನು ಬಳಸುತ್ತಿತ್ತು. ಒಂದು ದಿನಾಂಕಕ್ಕೆ ಆಂಟಿವೈರಸ್ಸನ್ನು ಹೆಪ್ಪುಗಟ್ಟಿಸಿ, ಹೊಸ ಅಪ್‌ಡೇಟು ಕೊಡದೆ, ಆ ದಿನಾಂಕದ ನಂತರ ಲೋಕದಲ್ಲಿ ತಾನಾಗಿ ಕಾಣಿಸಿಕೊಂಡ ವೈರಸ್ಸುಗಳನ್ನು ಅದರ ಮುಂದಿಡುವುದು. ಆಗ ಗುರುತು ಉರುಹೊಡೆದವರೂ ಅರ್ಥಮಾಡಿಕೊಂಡವರೂ ಬೇರೆಯಾಗುತ್ತಾರೆ. ಕಂಪನಿಗಳು ಇದಕ್ಕೂ ಗೊಣಗಿದವು. ಅಪ್‌ಡೇಟು, ದೂರದ ಸರ್ವರಿನ ನೆರವು ಇವೆಲ್ಲ ನಮ್ಮ ಸರಕಿನ ಅಂಗಗಳೇ, ಕೈಕಾಲು ಕಟ್ಟಿ ಓಡು ಎಂದರೆ ಹೇಗೆ ಎಂದವು. ಅದೂ ಸರಿಯೇ.

ಇಂಥ ಜಗಳಗಳ ನಡುವೆ 2008ರಲ್ಲಿ ಪರೀಕ್ಷಕರೂ ಪರೀಕ್ಷೆಗೊಳಗಾಗುವವರೂ ಸ್ಪೇನಿನ ಬಿಲ್ಬಾವೊದಲ್ಲಿ ಕೂಡಿ ಒಂದು ಒಕ್ಕೂಟ ಕಟ್ಟಿಕೊಂಡರು. ಅದರ ಹೆಸರು ಆಮ್‌ಟ್ಸೊ. ಅದೇ ವರ್ಷ ಪರೀಕ್ಷೆಯ ಮೂಲತತ್ವಗಳನ್ನು ಬರೆದಿಟ್ಟರು: ಪರೀಕ್ಷೆ ಜನರಿಗೆ ಅಪಾಯ ತರಬಾರದು, ಪಕ್ಷಪಾತ ಇರಬಾರದು, ವಿಧಾನ ಬಚ್ಚಿಡಬಾರದು, ಹೇಳುವ ತೀರ್ಮಾನಕ್ಕೆ ಆಧಾರವಿರಬೇಕು. ಓದಿದರೆ ಯಾರೂ ಬೇಡವೆನ್ನಲಾರರು. ಆದರೆ ಸದಸ್ಯರ ಪಟ್ಟಿಯಲ್ಲಿ ಪರೀಕ್ಷಕರಿಗಿಂತ ಮಾರಾಟಗಾರರೇ ಹೆಚ್ಚು. ಪರೀಕ್ಷೆಯ ನಿಯಮಾವಳಿಯನ್ನು ವಿದ್ಯಾರ್ಥಿಗಳೇ ಬಹುಮತದಿಂದ ಪಾಸು ಮಾಡಿದರೆ ಮೇಷ್ಟರ ಸ್ಥಿತಿ ಏನಾದೀತು ಎಂದು ಹೊರಗಿನವರು ಕೇಳಿದ್ದು ಸಹಜ.

ಹಣದ ಮಾತನ್ನೂ ಇಲ್ಲೇ ಆಡಿಬಿಡಬೇಕು. ಜರ್ಮನಿಯ ಮ್ಯಾಗ್ಡೆಬರ್ಗಿನ ಎವಿ-ಟೆಸ್ಟ್, ಇನ್ಸ್‌ಬ್ರುಕ್ಕಿನ ಎವಿ-ಕಂಪ್ಯಾರಟಿವ್ಸ್ ಎರಡೂ ವಿಶ್ವವಿದ್ಯಾಲಯದ ಅಂಗಳದಲ್ಲಿ ಹುಟ್ಟಿ ಆಮೇಲೆ ಸ್ವತಂತ್ರ ಸಂಸ್ಥೆಗಳಾದವು. ಫಲಿತಾಂಶ ಓದುಗರಿಗೆ ಪುಕ್ಕಟೆ, ಪರೀಕ್ಷೆಗೊಳಗಾಗುವ ಕಂಪನಿಗಳು ಶುಲ್ಕ ಕಟ್ಟುತ್ತವೆ. ಇದನ್ನು ಕೇಳಿದ ಕೂಡಲೇ ಹುಬ್ಬೇರಿಸುವವರಿದ್ದಾರೆ. ದಿನಕ್ಕೆ ನಾಲ್ಕೂವರೆ ಲಕ್ಷ ಹೊಸ ದುಷ್ಟ ಫೈಲುಗಳು ದಾಖಲಾಗುತ್ತವೆ ಎಂದು ಎವಿ-ಟೆಸ್ಟ್ ಹೇಳುತ್ತದೆ. ಅಷ್ಟನ್ನು ಕೂಡಿಸಿ, ಜರಡಿ ಹಿಡಿದು, ಸಾಲು ಸಾಲು ಯಂತ್ರಗಳಲ್ಲಿ ಓಡಿಸುವ ಖರ್ಚು ಎಲ್ಲಿಂದ ಬರಬೇಕು? ಓದುಗ ಕೊಡುವುದಿಲ್ಲ. ಶುಲ್ಕ ತೆಗೆದುಕೊಂಡದ್ದಕ್ಕೇ ಫಲಿತಾಂಶ ಕೆಟ್ಟಿತೆಂದು ನಾನು ನಂಬುವುದಿಲ್ಲ. ಆದರೆ ಸೋಲುವೆನೆಂದು ಗೊತ್ತಿರುವವನು ಶುಲ್ಕ ಕಟ್ಟದೆ ಹೊರಗುಳಿಯಬಹುದಲ್ಲ? ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬಷ್ಟೇ ಯಾರ ಹೆಸರಿಲ್ಲ ಎಂಬುದನ್ನೂ ನೋಡಬೇಕು.

2004ರಲ್ಲಿ ಸ್ಪೇನಿನ ಮಾಲಗಾದಲ್ಲಿ ಹುಟ್ಟಿದ ವೈರಸ್‌ಟೋಟಲ್ ಈ ಕಥೆಗೆ ಹೊಸ ತಿರುವು ಕೊಟ್ಟಿತು. ಅನುಮಾನದ ಫೈಲನ್ನು ಅಲ್ಲಿ ಏರಿಸಿದರೆ ಹತ್ತಾರು ಆಂಟಿವೈರಸ್ಸುಗಳು ಒಟ್ಟಿಗೆ ಅಭಿಪ್ರಾಯ ಹೇಳುತ್ತವೆ. ಪಂಚಾಯಿತಿ ಕಟ್ಟೆಯಂತೆ. ಇದನ್ನು ಆಂಟಿವೈರಸ್ಸುಗಳ ಹೋಲಿಕೆಗೆ ಬಳಸಬೇಡಿ ಎಂದು ಅದನ್ನು ನಡೆಸುವವರೇ ಮತ್ತೆ ಮತ್ತೆ ಹೇಳಿದರೂ ಜನ ಕೇಳಲಿಲ್ಲ. 2012ರ ಕೊನೆಗೆ ಇಂಪರ್ವಾ ಎಂಬ ಭದ್ರತಾ ಕಂಪನಿ 82 ಹೊಸ ವೈರಸ್ಸುಗಳನ್ನು ಅಲ್ಲಿ ಏರಿಸಿ, ಮೊದಲ ನೋಟಕ್ಕೆ ಅವನ್ನು ಹಿಡಿದವರು ಶೇಕಡಾ 5ಕ್ಕೂ ಕಡಿಮೆ ಎಂದು ವರದಿ ಮಾಡಿತು. ದೊಡ್ಡ ಪತ್ರಿಕೆಗಳು ಆಂಟಿವೈರಸ್ ಸತ್ತಿತು ಎಂಬ ಧಾಟಿಯಲ್ಲಿ ಬರೆದವು. ಆದರೆ ವೈರಸ್‌ಟೋಟಲ್‌ನಲ್ಲಿ ಕೂತಿರುವುದು ಆಂಟಿವೈರಸ್ಸಿನ ಒಂದು ಕಣ್ಣು ಮಾತ್ರ. ನಿಮ್ಮ ಯಂತ್ರದಲ್ಲಿ ಅದು ಫೈಲು ಯಾವ ತಾಣದಿಂದ ಬಂತು, ಓಡಿದ ಮೇಲೆ ಏನು ಮಾಡಲು ಹೊರಟಿತು ಎಂಬುದನ್ನೂ ನೋಡುತ್ತದೆ. ಅಲ್ಲಿ ಆ ಕಣ್ಣಿನ ಮುಂದೆ ಫೈಲು ಓಡುವುದಿಲ್ಲ. 82 ಎಂಬ ಸಂಖ್ಯೆಯಿಂದ ಲೋಕದ ಸ್ಥಿತಿ ಹೇಳುವುದಂತೂ ಒಂದು ಬೀದಿ ನೋಡಿ ಬೆಂಗಳೂರಿನ ಸೆನ್ಸಸ್ ಬರೆದಂತೆ. ಇಂಪರ್ವಾ ಮಾರುತ್ತಿದ್ದದ್ದು ಬೇರೆ ಬಗೆಯ ಭದ್ರತೆ ಎಂಬುದನ್ನು ಓದುಗರು ಮರೆಯಬಾರದು.

ಅದಕ್ಕಿಂತ ಸ್ವಾರಸ್ಯದ ಪ್ರಯೋಗ ಕ್ಯಾಸ್ಪರ್‌ಸ್ಕಿ ಕಂಪನಿಯದು. 2010ರಲ್ಲಿ ಪತ್ರಕರ್ತರ ಮುಂದೆ ಅದನ್ನು ವಿವರಿಸಿದರು. ಏನೂ ಮಾಡದ 20 ಶುದ್ಧ ಫೈಲುಗಳನ್ನು ತಯಾರಿಸಿ, ಅವುಗಳಲ್ಲಿ ಹತ್ತನ್ನು ತಮ್ಮ ಆಂಟಿವೈರಸ್ ಬೇಕೆಂದೇ ವೈರಸ್ ಎನ್ನುವಂತೆ ಮಾಡಿದರು. ಇಪ್ಪತ್ತನ್ನೂ ವೈರಸ್‌ಟೋಟಲ್‌ಗೆ ಏರಿಸಿದರು. ಹತ್ತು ದಿನ ಬಿಟ್ಟು ನೋಡಿದರೆ ಆ ಹತ್ತು ಫೈಲುಗಳನ್ನೂ ಬೇರೆ ಕಂಪನಿಗಳು ವೈರಸ್ ಎನ್ನುತ್ತಿದ್ದವು, ಕೆಲವನ್ನು ಹದಿನಾಲ್ಕು ಕಂಪನಿಗಳವರೆಗೆ! ಪರೀಕ್ಷಾ ಹಾಲಿನಲ್ಲಿ ಜಾಣ ಹುಡುಗ ಬೇಕೆಂದೇ ತಪ್ಪು ಉತ್ತರ ಬರೆದು, ಯಾರ ಉತ್ತರಪತ್ರಿಕೆಯಲ್ಲಿ ಅದೇ ತಪ್ಪು ಬರುತ್ತದೆ ಎಂದು ಕಾದು ನೋಡಿದ ಹಾಗೆ. ಪರೀಕ್ಷಕರು ತಮ್ಮ ಮಾದರಿಗಳನ್ನು ‘ಇಷ್ಟು ಜನ ವೈರಸ್ ಎಂದಿದ್ದಾರೆ, ಹಾಗಾಗಿ ವೈರಸ್’ ಎಂದು ತೀರ್ಮಾನಿಸುವ ಅಭ್ಯಾಸವೇ ಈ ನಕಲಿಗೆ ಗೊಬ್ಬರ ಎಂಬುದು ಕ್ಯಾಸ್ಪರ್‌ಸ್ಕಿಯ ದೂರು. ಬೊಂಚೆವ್ ಹೇಳಿದ ಕಸ ಹದಿನೇಳು ವರ್ಷದ ಮೇಲೆ ಬೇರೆ ಬಾಗಿಲಿನಿಂದ ಒಳಬಂದಿತ್ತು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2015ರ ಆಗಸ್ಟಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ, ಎದುರಾಳಿಗಳ ಹೆಸರು ಕೆಡಿಸಲು ಕ್ಯಾಸ್ಪರ್‌ಸ್ಕಿ ಇದೇ ತಂತ್ರವನ್ನು ಗುಟ್ಟಾಗಿ ಬಳಸುತ್ತಿತ್ತು ಎಂದು ಮಾಜಿ ನೌಕರರ ಮಾತು ಆಧರಿಸಿ ವರದಿ ಮಾಡಿತು. ಕಂಪನಿ ಸಾರಾಸಗಟಾಗಿ ಅಲ್ಲಗಳೆಯಿತು.

ನಿರಪರಾಧಿ ಫೈಲನ್ನು ಹಿಡಿಯುವುದು ಸಣ್ಣ ವಿಷಯವಲ್ಲ. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ಅಪ್‌ಡೇಟೊಂದು ಚೀನೀ ಭಾಷೆಯ ವಿಂಡೋಸ್‌ನ ಎರಡು ಮುಖ್ಯ ಫೈಲುಗಳನ್ನು ವೈರಸ್ ಎಂದು ಕಿತ್ತುಹಾಕಿ ಸಾವಿರಾರು ಯಂತ್ರಗಳನ್ನು ಮಲಗಿಸಿತು. 2010ರ ಏಪ್ರಿಲ್ 21ರಂದು ಮೆಕಾಫಿಯ ಅಪ್‌ಡೇಟು ವಿಂಡೋಸ್ ಎಕ್ಸ್‌ಪಿಯ ಜೀವನಾಡಿಯಂಥ ಒಂದು ಫೈಲನ್ನೇ ಹಿಡಿಯಿತು, ಆಸ್ಪತ್ರೆ ಪೊಲೀಸ್ ಠಾಣೆಗಳೆನ್ನದೆ ಯಂತ್ರಗಳು ಮತ್ತೆ ಮತ್ತೆ ಬೂಟ್ ಆಗುತ್ತ ಕೂತವು. ಹಿಡಿದ ವೈರಸ್ಸಿಗೆ ಅಂಕ ಕೊಡುವಷ್ಟು ಉತ್ಸಾಹದಿಂದ ಪರೀಕ್ಷಕರು ತಪ್ಪು ಹಿಡಿದದ್ದಕ್ಕೆ ಅಂಕ ಕಳೆಯತೊಡಗಿದ್ದು ಇಂಥ ಪೆಟ್ಟು ತಿಂದ ಮೇಲೆಯೇ.

ಎಷ್ಟು ಹಿಡಿಯಿತು ಎಂಬ ಎಣಿಕೆಯನ್ನೇ ಪ್ರಶ್ನಿಸಿದ್ದು ಮೈಕ್ರೋಸಾಫ್ಟ್. 2012ರ ಕೊನೆಯಲ್ಲಿ ಅದರ ಪುಕ್ಕಟೆ ಆಂಟಿವೈರಸ್ಸಿಗೆ ಎವಿ-ಟೆಸ್ಟ್ ಪ್ರಮಾಣಪತ್ರ ನಿರಾಕರಿಸಿತು. 2013ರ ಜನವರಿಯಲ್ಲಿ ಕಂಪನಿ ತನ್ನ ಲೆಕ್ಕ ಮುಂದಿಟ್ಟಿತು: ನೀವು ತಪ್ಪಿಸಿಕೊಂಡವೆಂದು ಎಣಿಸಿದ ಮಾದರಿಗಳಲ್ಲಿ ಶೇಕಡಾ 94 ನಮ್ಮ ಗ್ರಾಹಕರ ಯಂತ್ರಗಳನ್ನು ಮುಟ್ಟಿಯೇ ಇಲ್ಲ, ಆ ಮಾದರಿಗಳಿಂದ ತೊಂದರೆಗೊಳಗಾದ ಗ್ರಾಹಕರು ಶೇಕಡಾ 0.0033. ಸೋತವನ ಸಮಜಾಯಿಷಿ ಎಂದು ನಕ್ಕುಬಿಡುವುದು ಸುಲಭ. ಆದರೆ ಸಾವಿರ ಯಂತ್ರಗಳಿಗೆ ಬಡಿದ ವೈರಸ್ಸನ್ನೂ ಒಂದೇ ಯಂತ್ರದಲ್ಲಿ ಕಂಡ ವೈರಸ್ಸನ್ನೂ ಒಂದೊಂದು ಅಂಕವೆಂದೇ ಎಣಿಸುವುದು ಸರಿಯೇ ಎಂಬ ಪ್ರಶ್ನೆ ನಿಜವಾದದ್ದು. ಜೋ ವೆಲ್ಸ್ ಕೇಳಿದ್ದೂ ಅದನ್ನೇ. ಅಂದಹಾಗೆ, 2019ರಲ್ಲಿ ಮೈಕ್ರೋಸಾಫ್ಟಿನ ಡಿಫೆಂಡರ್ ಅದೇ ಎವಿ-ಟೆಸ್ಟಿನಲ್ಲಿ 18ಕ್ಕೆ 18 ತೆಗೆಯಿತು. ಆಗ ಪರೀಕ್ಷೆಯ ವಿಧಾನದ ಬಗ್ಗೆ ಕಂಪನಿಯ ತಕರಾರು ಕೇಳಿಬರಲಿಲ್ಲ.

ಇಲ್ಲಿಯವರೆಗಿನದ್ದು ಬಹುಮಟ್ಟಿಗೆ ವಿಧಾನದ ಜಗಳ. 2015ರಲ್ಲಿ ಹೊರಬಿದ್ದದ್ದು ಬೇರೆ. ಏಪ್ರಿಲ್ 30ರಂದು ಎವಿ-ಟೆಸ್ಟ್, ಎವಿ-ಕಂಪ್ಯಾರಟಿವ್ಸ್, ವೈರಸ್ ಬುಲೆಟಿನ್ ಮೂರೂ ಜಂಟಿ ಹೇಳಿಕೆ ಕೊಟ್ಟು ಚೀನಾದ ಕಿಹೂ 360 ಕಂಪನಿಗೆ ಆ ವರ್ಷ ಕೊಟ್ಟಿದ್ದ ಪ್ರಮಾಣಪತ್ರಗಳನ್ನೆಲ್ಲ ಹಿಂದಕ್ಕೆ ಪಡೆದವು. ಕಂಪನಿ ಪರೀಕ್ಷೆಗೆ ಕಳಿಸಿದ ಸರಕಿನೊಳಗೆ ರೊಮೇನಿಯಾದ ಬಿಟ್‌ಡಿಫೆಂಡರ್ ಕಂಪನಿಯ ಎಂಜಿನ್ ಚಾಲೂ ಇತ್ತು. ಚೀನಾದ ಸಾಮಾನ್ಯ ಬಳಕೆದಾರರ ಯಂತ್ರದಲ್ಲಿ ಆ ಎಂಜಿನ್ ಮಲಗಿರುತ್ತಿತ್ತು, ಎಚ್ಚರವಿದ್ದದ್ದು ಕಿಹೂನ ಸ್ವಂತದ್ದು ಮಾತ್ರ. ಅದರ ರಕ್ಷಣೆ ಸಾಕಷ್ಟು ಕಡಿಮೆ ಎಂದು ಲ್ಯಾಬುಗಳು ಹೇಳಿದವು. ಇನ್ಸ್‌ಪೆಕ್ಟರು ಬರುವ ದಿನ ಪಕ್ಕದೂರಿನ ಜಾಣ ಹುಡುಗನನ್ನು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿದಂತೆ. ಕೆದಕಿ ಕೇಳಿದಾಗ, ಪರೀಕ್ಷೆಗಾಗಿ ಕೆಲವು ಸೆಟ್ಟಿಂಗು ಬದಲಿಸಿದ್ದನ್ನೂ, ಲ್ಯಾಬುಗಳ ಯಂತ್ರಗಳು ಹತ್ತಿರದ ಸರ್ವರುಗಳನ್ನು ಕೇಳುವಂತೆ ಮಾಡಿದ್ದನ್ನೂ ಕಂಪನಿ ಒಪ್ಪಿಕೊಂಡಿತು.

ಸಿಕ್ಕಿಬಿದ್ದ ಕಿಹೂ ಸುಮ್ಮನಿರದೆ ತನ್ನ ಎದುರಾಳಿಗಳತ್ತ ಕೈ ತೋರಿಸಿತು, ಅವರ ಸರಕನ್ನೂ ನೋಡಿ ಎಂದಿತು. ಲ್ಯಾಬುಗಳು ನೋಡಿದವು. ಕೆಲವು ಪ್ರೋಗ್ರಾಮುಗಳ ಒಳಗೆ ಪರೀಕ್ಷಾ ಲ್ಯಾಬುಗಳ ಹೆಸರು ಹೊತ್ತ ಗುರುತುಗಳೇ ಸಿಕ್ಕವು. ಟೆನ್ಸೆಂಟ್‌ನ ಸರಕಿನಲ್ಲಿ, ಪರೀಕ್ಷೆಯಲ್ಲಿ ವೇಗವಾಗಿ ಕಾಣುವಂತೆ ಮಾಡಿದ, ಬಳಕೆದಾರರಿಗೆ ಹೆಚ್ಚೇನೂ ಉಪಯೋಗವಿಲ್ಲದ ಮಾರ್ಪಾಡುಗಳು ಕಂಡವು. ಮೇ ತಿಂಗಳಲ್ಲಿ ಅದರ ಪ್ರಮಾಣಪತ್ರಗಳೂ ಹೋದವು. ಅದೇ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳು ಹೊಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗಿರುತ್ತಿದ್ದ ಸಂಗತಿ ಬಯಲಾಗಿ ಲೋಕವೆಲ್ಲ ಬೆರಗಾಯಿತು. ಆಂಟಿವೈರಸ್ ಲೋಕದವರಿಗೆ ಅಷ್ಟೊಂದು ಬೆರಗಾಗಿರಲಾರದು.

ಹೀಗೆ ಪರೀಕ್ಷಕನನ್ನು ವಂಚಿಸಿದವರಿದ್ದರು. ಪರೀಕ್ಷೆಯನ್ನೇ ತಡೆಯಲು ಹೊರಟವರೂ ಇದ್ದರು. ಮೆಕಾಫಿಯ ಮಾತೃಸಂಸ್ಥೆಯಾಗಿದ್ದ ನೆಟ್‌ವರ್ಕ್ ಅಸೋಸಿಯೇಟ್ಸ್, ತನ್ನ ಅನುಮತಿಯಿಲ್ಲದೆ ಯಾರೂ ವಿಮರ್ಶೆ ಪ್ರಕಟಿಸಕೂಡದು ಎಂದು ಡಿಸ್ಕಿನ ಮೇಲೇ ಅಚ್ಚುಹಾಕಿಸಿತ್ತು. ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಕೋರ್ಟಿಗೆ ಹೋದರು, 2003ರಲ್ಲಿ ಆ ಷರತ್ತಿಗೆ ತಡೆ ಬಿತ್ತು. ಕಾದಂಬರಿಯ ಹಿಂಬದಿಯಲ್ಲಿ ‘ಲೇಖಕರ ಅನುಮತಿಯಿಲ್ಲದೆ ವಿಮರ್ಶಿಸಬಾರದು’ ಎಂದು ಅಚ್ಚಾಗಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ!

2017ರ ಫೆಬ್ರವರಿಯಲ್ಲಿ ಮತ್ತೊಂದು ಸುತ್ತು. ಅಮೆರಿಕದ ಟೆಕ್ಸಾಸಿನ ಎನ್‌ಎಸ್‌ಎಸ್ ಲ್ಯಾಬ್ಸ್ ಹೊಸ ತಲೆಮಾರಿನ ಭದ್ರತಾ ಸರಕುಗಳ ಹೋಲಿಕೆ ಪ್ರಕಟಿಸಲು ಹೊರಟಿತ್ತು. ಕ್ರೌಡ್‌ಸ್ಟ್ರೈಕ್ ಕಂಪನಿ, ನಮ್ಮ ಸರಕನ್ನು ಕರಾರು ಮುರಿದು ಪಡೆದಿದ್ದಾರೆ, ಪರೀಕ್ಷೆ ಅರೆಬೆಂದದ್ದು, ಪ್ರಕಟಣೆ ನಿಲ್ಲಿಸಿ ಎಂದು ಡೆಲವೇರ್‌ನ ಫೆಡರಲ್ ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ತಡೆ ಕೊಡಲಿಲ್ಲ, ವರದಿ ಹೊರಬಂತು. 2018ರಲ್ಲಿ ಎನ್‌ಎಸ್‌ಎಸ್ ತಿರುಗಿ ಮೊಕದ್ದಮೆ ಹೂಡಿತು. ಕ್ರೌಡ್‌ಸ್ಟ್ರೈಕ್, ಸಿಮ್ಯಾಂಟೆಕ್, ಇಸೆಟ್ ಜೊತೆಗೆ ಆಮ್‌ಟ್ಸೊ ಒಕ್ಕೂಟವೂ ಪ್ರತಿವಾದಿ. ತಮ್ಮ ನಿಯಮ ಒಪ್ಪದ ಪರೀಕ್ಷಕನಿಗೆ ಬಹಿಷ್ಕಾರ ಹಾಕಲು ಇವರೆಲ್ಲ ಒಳಸಂಚು ಮಾಡಿದ್ದಾರೆ ಎಂಬ ಆರೋಪ. ಬಿಲ್ಬಾವೊದ ದಿನದಿಂದ ಕೇಳುತ್ತಿದ್ದ ಗೊಣಗಾಟ ಹೀಗೆ ಕೋರ್ಟಿನ ಕಾಗದವಾಯಿತು. ತೀರ್ಪು ಬರಲೇ ಇಲ್ಲ. 2019ರ ಮೇ ತಿಂಗಳಲ್ಲಿ ಎನ್‌ಎಸ್‌ಎಸ್ ಕ್ರೌಡ್‌ಸ್ಟ್ರೈಕ್ ಜೊತೆ ರಾಜಿಯಾಗಿ 2017ರ ಆ ಪರೀಕ್ಷೆ ಸರಿಯಿರಲಿಲ್ಲವೆಂದು ವರದಿ ಹಿಂಪಡೆಯಿತು, ವರ್ಷದ ಕೊನೆಗೆ ಉಳಿದವರ ಮೇಲಿನ ಮೊಕದ್ದಮೆಯನ್ನೂ ಕೈಬಿಟ್ಟಿತು. 2020ರ ಅಕ್ಟೋಬರಿನಲ್ಲಿ ಕೋವಿಡ್ ಕಾರಣ ಹೇಳಿ ಬಾಗಿಲು ಹಾಕಿತು.

ಕ್ರೌಡ್‌ಸ್ಟ್ರೈಕ್ ಹೆಸರು ನಮ್ಮ ಕಡೆಯ ಜನಸಾಮಾನ್ಯರ ಬಾಯಿಗೆ ಬಂದದ್ದು ನಾಲ್ಕು ವರ್ಷದ ಮೇಲೆ. 2024ರ ಜುಲೈ 19, ಶುಕ್ರವಾರ, ಭಾರತೀಯ ಕಾಲಮಾನ ಬೆಳಗ್ಗೆ 9:39ಕ್ಕೆ ಕಂಪನಿ ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ಸಣ್ಣ ಫೈಲು ಕಳಿಸಿತು. ಹೊಸ ಬಗೆಯ ದಾಳಿ ಗುರುತಿಸಲು ಬೇಕಾದ ವಿವರಗಳು ಅದರಲ್ಲಿದ್ದವು. ಓದಬೇಕಾದ ಪ್ರೋಗ್ರಾಮಿನ ಕೈಯಲ್ಲಿದ್ದದ್ದು 20 ಅಂಶ, ಫೈಲು ನೋಡು ಎಂದದ್ದು 21ನೆಯದನ್ನು. ಇಲ್ಲದ ಜಾಗಕ್ಕೆ ಕೈಹಾಕಿದ ವಿಂಡೋಸ್ ನೀಲಿಗಟ್ಟಿತು. 78 ನಿಮಿಷದಲ್ಲಿ ಫೈಲನ್ನು ಹಿಂದಕ್ಕೆ ಪಡೆದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಬಿದ್ದಿದ್ದವು ಎಂಬುದು ಮೈಕ್ರೋಸಾಫ್ಟಿನ ಅಂದಾಜು. ಹೊರಗೆ ಬಿಡುವ ಮುನ್ನ ಇಂಥ ಫೈಲುಗಳನ್ನು ಪರೀಕ್ಷಿಸಲೆಂದೇ ಕಂಪನಿಯೊಳಗೆ ಒಂದು ಪ್ರೋಗ್ರಾಮು ಇತ್ತು. ಆ ಪರೀಕ್ಷಕ ಪ್ರೋಗ್ರಾಮಿನಲ್ಲೇ ದೋಷವಿದ್ದು, ಅದು ಈ ಫೈಲನ್ನು ಪಾಸು ಮಾಡಿತ್ತು ಎಂದು ಕಂಪನಿ ಆಮೇಲೆ ಹೇಳಿಕೊಂಡಿತು.

ಆ ಬೆಳಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ಚೆಕ್-ಇನ್ ಕೌಂಟರುಗಳ ಮುಂದೆ ಸಾಲು ಬೆಳೆಯುತ್ತಲೇ ಹೋಯಿತು. ದೇಶದ ನಿಲ್ದಾಣಗಳಲ್ಲಿ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಹೆಸರು, ವಿಮಾನದ ಸಂಖ್ಯೆ, ಸೀಟು. ಪ್ರಯಾಣಿಕರು ಅದರ ಫೋಟೊ ತೆಗೆದು ಮನೆಯವರಿಗೆ ಕಳಿಸಿದರು.